ಜಿಎಸ್‌ಟಿ ಕಟ್ಟಿದ ಹಣವನ್ನು ಟ್ಯಾಲಿಯಲ್ಲಿ ಎಲ್ಲಿ ಬರೆಯಬೇಕು?

ಪ್ರಶ್ನೆ: ಬದಿಯಡ್ಕದ ಸಮೀಪ ನನ್ನದೊಂದು ಹಾರ್ಡ್‌ವೇರ್ ಅಂಗಡಿಯಿದೆ. ಪೈಪು, ಫಿಟ್ಟಿಂಗು, ಪೈಂಟು ಮುಖ್ಯ ವ್ಯಾಪಾರ. ಸರಕಿನ ಬಹುಪಾಲು ಮಂಗಳೂರಿನಿಂದ, ಉಳಿದದ್ದು ಕಣ್ಣೂರಿನಿಂದ ಬರುತ್ತದೆ. ಗೇರುಬೀಜದ ಕಾಲದಲ್ಲಿ ಅದೇ ನೋಂದಣಿಯಲ್ಲಿ ಕೃಷಿಕರಿಂದ ಬೀಜವನ್ನೂ ಖರೀದಿಸುತ್ತೇವೆ. ಬಿಲ್ಲುಗಳನ್ನು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ನಾನೇ ಬರೆಯುತ್ತೇನೆ. ರಿಟರ್ನನ್ನು ಕಾಸರಗೋಡಿನ ತೆರಿಗೆ ಸಲಹೆಗಾರರು ಸಲ್ಲಿಸುತ್ತಾರೆ. ಅವರು ಹೇಳಿದ ಮೊತ್ತವನ್ನು ನೆಟ್ ಬ್ಯಾಂಕಿಂಗ್ ಮೂಲಕ ಕಟ್ಟಿ, 'ಜಿಎಸ್‌ಟಿ ಪಾವತಿ' ಎಂಬ ಖರ್ಚಿನ ಲೆಡ್ಜರಿಗೆ ಹಾಕುತ್ತ ಬಂದಿದ್ದೇನೆ. ಈಗ ಸಾಲಕ್ಕಾಗಿ ಬ್ಯಾಂಕಿಗೆ ಬ್ಯಾಲೆನ್ಸ್ ಶೀಟ್ ಕೊಟ್ಟರೆ, ಲಕ್ಷಗಟ್ಟಲೆ ತೆರಿಗೆ ಬಾಕಿ ಏಕಿದೆ ಎಂದು ಮ್ಯಾನೇಜರು ಕೇಳುತ್ತಿದ್ದಾರೆ. ಜಿಎಸ್‌ಟಿ ಪೋರ್ಟಲಿನಲ್ಲಿ ನನ್ನ ಬಾಕಿಯೇನೂ ಇಲ್ಲ. ತಪ್ಪು ಎಲ್ಲಿದೆ? ಸರಿಪಡಿಸುವುದು ಹೇಗೆ? 'ಫ್ಲಡ್ ಸೆಸ್' ಎಂಬ ಹಳೆಯ ಲೆಡ್ಜರಿನಲ್ಲೂ ಮೊತ್ತ ಉಳಿದುಕೊಂಡಿದೆ.

ಉತ್ತರ: ತಾವು ತೆರಿಗೆಯನ್ನು ಸರಿಯಾಗಿ ಕಟ್ಟಿದ್ದೀರಿ; ಬರೆದ ಜಾಗ ಮಾತ್ರ ತಪ್ಪಿದೆ. ಖರ್ಚಿನ ಲೆಡ್ಜರಿಗೆ ಹಾಕಿದ್ದರಿಂದ ಒಂದೇ ಹಣ ಲೆಕ್ಕದಲ್ಲಿ ಎರಡು ಕಡೆ ತಾವು ಬಡವರೆಂದು ತೋರಿಸುತ್ತಿದೆ: ಲಾಭ-ನಷ್ಟದ ಪಟ್ಟಿಯಲ್ಲಿ ಲಾಭ ಕಡಿಮೆಯಾಗಿದೆ, ಬ್ಯಾಲೆನ್ಸ್ ಶೀಟಿನಲ್ಲಿ ತೀರಿಹೋದ ಹೊಣೆ ಇನ್ನೂ ನಿಂತಿದೆ.

ಇದು ಹೇಗಾಗುತ್ತದೆ ಎಂಬುದನ್ನು ಒಂದು ಬಿಲ್ಲಿನಲ್ಲೇ ನೋಡಬಹುದು. ನೂರು ರೂಪಾಯಿಯ ಪೈಪನ್ನು 118 ರೂಪಾಯಿಗೆ ಮಾರಿದಾಗ ಟ್ಯಾಲಿಯು ನೂರನ್ನು ಮಾತ್ರ ಮಾರಾಟದ ಲೆಡ್ಜರಿಗೆ ಕೊಟ್ಟು, ಉಳಿದ ಹದಿನೆಂಟನ್ನು ಒಂಬತ್ತು ಒಂಬತ್ತಾಗಿ ಔಟ್‌ಪುಟ್ ಸಿಜಿಎಸ್‌ಟಿ (ಕೇಂದ್ರದ ಪಾಲು), ಔಟ್‌ಪುಟ್ ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಲೆಡ್ಜರುಗಳಿಗೆ ಸೇರಿಸುತ್ತದೆ. ಇವೆರಡೂ 'ಡ್ಯೂಟೀಸ್ ಆ್ಯಂಡ್ ಟ್ಯಾಕ್ಸಸ್' ಗುಂಪಿನಡಿ, ಅಂದರೆ ಹೊಣೆಯ ಬದಿಯಲ್ಲಿ ಇರುವಂಥವು. ಖರೀದಿಯಲ್ಲಿ ಕೊಟ್ಟ ತೆರಿಗೆಯೂ ಅದೇ ಗುಂಪಿನ ಇನ್‌ಪುಟ್ ಲೆಡ್ಜರುಗಳಿಗೆ ಡೆಬಿಟ್ ಆಗುತ್ತದೆ. ಹೀಗಾಗಿ ಗಿರಾಕಿಯಿಂದ ಪಡೆದ ತೆರಿಗೆ ತಮ್ಮ ಆದಾಯದೊಳಗೆ ಬಂದೇ ಇಲ್ಲ. ಆದಾಯಕ್ಕೆ ಬಾರದ ಹಣವನ್ನು ಸರಕಾರಕ್ಕೆ ಒಪ್ಪಿಸಿದಾಗ ಅದು ಖರ್ಚಾಗಲು ಸಾಧ್ಯವಿಲ್ಲ. ಅದು ಹೊಣೆಯ ತೀರುವಳಿ.

ಇದನ್ನು ಪರೀಕ್ಷಿಸಲು ಸುಲಭದ ದಾರಿಯೊಂದಿದೆ. ಬ್ಯಾಲೆನ್ಸ್ ಶೀಟಿನಲ್ಲಿ ಆ ಗುಂಪು ತೋರಿಸುವ ಒಟ್ಟು ಬಾಕಿಯಿಂದ ಮಾರ್ಚ್ ತಿಂಗಳ ತೆರಿಗೆಯನ್ನು ಕಳೆಯಿರಿ. ಏಕೆಂದರೆ ಮಾರ್ಚಿನ ತೆರಿಗೆಯನ್ನು ಕಟ್ಟುವುದು ಏಪ್ರಿಲಿನಲ್ಲಿ. ಮಾರ್ಚ್ 31ರಂದು ಅದು ನಿಜವಾಗಿಯೂ ಬಾಕಿಯೇ, ಮ್ಯಾನೇಜರಿಗೂ ಅಷ್ಟನ್ನು ಧೈರ್ಯವಾಗಿ ಹೇಳಬಹುದು. ಮಿಕ್ಕ ಮೊತ್ತವು ತಾವು ಇದುವರೆಗೆ 'ಜಿಎಸ್‌ಟಿ ಪಾವತಿ' ಎಂದು ಬರೆದ ಒಟ್ಟು ಮೊತ್ತಕ್ಕೆ ಹತ್ತಿರವಿದ್ದರೆ ರೋಗ ಇದೊಂದೇ. ದೊಡ್ಡ ವ್ಯತ್ಯಾಸವಿದ್ದರೆ ಯಾವುದೋ ಬಿಲ್ಲಿನಲ್ಲಿ ತೆರಿಗೆಯ ಲೆಡ್ಜರು ತಪ್ಪಿದೆ ಅಥವಾ ರಿಟರ್ನಿನಲ್ಲಿ ಪಡೆದ ಕ್ರೆಡಿಟ್ಟೂ (ಖರೀದಿಯಲ್ಲಿ ಕೊಟ್ಟ ತೆರಿಗೆಯ ವಜಾ) ತಮ್ಮ ಪುಸ್ತಕದ ಕ್ರೆಡಿಟ್ಟೂ ಬೇರೆಬೇರೆಯಾಗಿವೆ ಎಂದು ತಿಳಿಯಬೇಕು.

ಇನ್ನು ಸರಿಯಾದ ಕ್ರಮ. ಜಿಎಸ್‌ಟಿ ಕಟ್ಟುವುದನ್ನು ನಾವು ಒಂದೇ ಕೆಲಸವೆಂದು ಭಾವಿಸಿದರೂ ಕಾನೂನಿನ ಕಣ್ಣಿನಲ್ಲಿ ಅದು ಎರಡು ಕೆಲಸ. ಪಿಎಂಟಿ-06 ಚಲನು ತೆಗೆದು ಬ್ಯಾಂಕಿನಿಂದ ಹಣ ಕಳುಹಿಸಿದಾಗ ಅದು ಪೋರ್ಟಲಿನ ಎಲೆಕ್ಟ್ರಾನಿಕ್ ನಗದು ಲೆಡ್ಜರಿನಲ್ಲಿ ತಮ್ಮ ಹೆಸರಿಗೆ ಜಮೆಯಾಗಿ ಕುಳಿತಿರುತ್ತದೆ, ಅಷ್ಟೇ. ಜಿಎಸ್‌ಟಿಆರ್-3ಬಿ ಎಂಬ ತೆರಿಗೆ ರಿಟರ್ನನ್ನು ಸಲ್ಲಿಸುವ ಹೊತ್ತಿಗೆ ಮೊದಲು ಕ್ರೆಡಿಟ್ ಲೆಡ್ಜರಿನಿಂದ, ಸಾಲದ್ದಕ್ಕೆ ನಗದು ಲೆಡ್ಜರಿನಿಂದ ಕಡಿತವಾದಾಗಲೇ ಹೊಣೆ ತೀರುತ್ತದೆ. ಪುಸ್ತಕದಲ್ಲಿಯೂ ಈ ಎರಡು ಹೆಜ್ಜೆಗಳಿಗೆ ಎರಡು ವೋಚರು, ಅಂದರೆ ಎರಡು ನಮೂದು ಇರಬೇಕು. ಇದಕ್ಕಾಗಿ 'ಎಲೆಕ್ಟ್ರಾನಿಕ್ ನಗದು – ಸಿಜಿಎಸ್‌ಟಿ', 'ಎಲೆಕ್ಟ್ರಾನಿಕ್ ನಗದು – ಎಸ್‌ಜಿಎಸ್‌ಟಿ', 'ಎಲೆಕ್ಟ್ರಾನಿಕ್ ನಗದು – ಐಜಿಎಸ್‌ಟಿ' ಎಂಬ ಮೂರು ಲೆಡ್ಜರುಗಳನ್ನು ಚಾಲ್ತಿ ಆಸ್ತಿಗಳ ಗುಂಪಿನಲ್ಲಿ ತೆರೆಯಿರಿ (ಐಜಿಎಸ್‌ಟಿ ಎಂದರೆ ಬೇರೆ ರಾಜ್ಯದೊಂದಿಗಿನ ವ್ಯಾಪಾರದ ತೆರಿಗೆ). ಬ್ಯಾಂಕಿನಿಂದ ನೇರವಾಗಿ ಔಟ್‌ಪುಟ್ ಲೆಡ್ಜರಿಗೆ ಪೇಮೆಂಟ್ ವೋಚರು ಹಾಕುವ ರೂಢಿಯೂ ಉಂಟು, ಅದು ತಪ್ಪಲ್ಲ; ಆದರೆ ಚಲನಿನ ಹಣವೂ ರಿಟರ್ನಿನಲ್ಲಿ ಬಳಸಿದ ಹಣವೂ ಒಂದು ತಿಂಗಳು ಬೇರೆಯಾದರೂ ಸಾಕು, ಆ ರೂಢಿಯಲ್ಲಿ ಲೆಕ್ಕ ತಾಳೆಯಾಗುವುದು ನಿಲ್ಲುತ್ತದೆ.

ತಮ್ಮಂಥ ಅಂಗಡಿಗೆ ಹೊಂದುವ ಒಂದು ತಿಂಗಳನ್ನು ತೆಗೆದುಕೊಳ್ಳೋಣ. ಎಲ್ಲ ಸರಕಿಗೂ ಶೇಕಡಾ 18 ತೆರಿಗೆಯೆಂದಿರಲಿ. ಊರಿನ ಗಿರಾಕಿಗಳಿಗೆ 8,00,000 ರೂಪಾಯಿಯ ಮಾರಾಟ: ಸಿಜಿಎಸ್‌ಟಿ 72,000, ಎಸ್‌ಜಿಎಸ್‌ಟಿ 72,000. ಕರ್ನಾಟಕದ ವಿಟ್ಲದ ನೋಂದಾಯಿತ ಗುತ್ತಿಗೆದಾರರೊಬ್ಬರಿಗೆ 50,000 ರೂಪಾಯಿಯ ಸರಕು: ಐಜಿಎಸ್‌ಟಿ 9,000. ಮಂಗಳೂರಿನಿಂದ 5,00,000 ರೂಪಾಯಿಯ ಖರೀದಿ: ಐಜಿಎಸ್‌ಟಿ 90,000. ಕಣ್ಣೂರಿನಿಂದ 1,50,000 ರೂಪಾಯಿಯ ಖರೀದಿ: ಸಿಜಿಎಸ್‌ಟಿ 13,500, ಎಸ್‌ಜಿಎಸ್‌ಟಿ 13,500.

ಗಡಿಯ ವ್ಯಾಪಾರಿಗಳು ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ನಮ್ಮ ಪೇಟೆಗಳ ವ್ಯಾಪಾರದ ಮುಖ ಇಂದಿಗೂ ಮಂಗಳೂರಿನ ಕಡೆಗೇ ಇದೆ. ಪರಿಣಾಮವಾಗಿ ಖರೀದಿಯ ಕ್ರೆಡಿಟ್ ಬಹುಪಾಲು ಐಜಿಎಸ್‌ಟಿಯಲ್ಲಿ, ಮಾರಾಟದ ಹೊಣೆ ಬಹುಪಾಲು ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿಯಲ್ಲಿ. ನಿಯಮವೇನೆಂದರೆ, ಐಜಿಎಸ್‌ಟಿ ಕ್ರೆಡಿಟ್ಟನ್ನು ಮೊದಲು ಪೂರ್ತಿ ಮುಗಿಸಬೇಕು. ಅದು ಮೊದಲು ಐಜಿಎಸ್‌ಟಿ ಹೊಣೆಗೆ ಹೋಗಬೇಕು, ಮಿಕ್ಕದ್ದನ್ನು ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿಗೆ ಯಾವ ಪ್ರಮಾಣದಲ್ಲಾದರೂ ಹಂಚಬಹುದು. ಸಿಜಿಎಸ್‌ಟಿಯ ಕ್ರೆಡಿಟ್ ಎಸ್‌ಜಿಎಸ್‌ಟಿಗಾಗಲಿ, ಎಸ್‌ಜಿಎಸ್‌ಟಿಯದು ಸಿಜಿಎಸ್‌ಟಿಗಾಗಲಿ ಸಲ್ಲುವುದಿಲ್ಲ.

ನಮ್ಮ ಉದಾಹರಣೆಯಲ್ಲಿ 90,000ದಿಂದ 9,000 ಐಜಿಎಸ್‌ಟಿಗೆ ಹೋದರೆ ಉಳಿಯುವುದು 81,000. ಇದನ್ನು 40,500ರಂತೆ ಎರಡಕ್ಕೂ ಸಮವಾಗಿ ಹಂಚಿ, ಆಮೇಲೆ ಕಣ್ಣೂರಿನ ಬಿಲ್ಲುಗಳ 13,500ನ್ನು ಆಯಾ ತೆರಿಗೆಗೆ ಬಳಸಿದರೆ, ಎರಡರಲ್ಲಿಯೂ 18,000ದಂತೆ ಒಟ್ಟು 36,000 ರೂಪಾಯಿ ಮಾತ್ರ ನಗದಾಗಿ ಕಟ್ಟಬೇಕಾಗುತ್ತದೆ. ಹಾಗೆ ಮಾಡದೆ ಯಾರಾದರೂ ಸಿಜಿಎಸ್‌ಟಿಯ 72,000ವನ್ನು ಪೂರ್ತಿಯಾಗಿ ಐಜಿಎಸ್‌ಟಿ ಕ್ರೆಡಿಟ್ಟಿನಿಂದ ತೀರಿಸಿ, ಉಳಿದ 9,000ವನ್ನು ಎಸ್‌ಜಿಎಸ್‌ಟಿಗೆ ಕೊಟ್ಟರೆ, ಎಸ್‌ಜಿಎಸ್‌ಟಿಯಲ್ಲಿ 49,500 ರೂಪಾಯಿ ನಗದು ಬೇಕಾಗುತ್ತದೆ. 13,500 ರೂಪಾಯಿಯ ಸಿಜಿಎಸ್‌ಟಿ ಕ್ರೆಡಿಟ್ ಮುಂದಿನ ತಿಂಗಳಿಗೆ ಸುಮ್ಮನೆ ಉಳಿಯುತ್ತದೆ. ಹಣ ಕಳೆದುಹೋಗುವುದಿಲ್ಲ, ಆದರೆ ಅಂಗಡಿಯ ದುಡಿಯುವ ಬಂಡವಾಳ ಅಷ್ಟರಮಟ್ಟಿಗೆ ಕಟ್ಟಿಬೀಳುತ್ತದೆ. ಪೋರ್ಟಲು ಹಂಚಿಕೆಯನ್ನು ತಾನೇ ಸೂಚಿಸುತ್ತದೆ, ಅದನ್ನು ಬದಲಿಸಲೂ ಬಿಡುತ್ತದೆ. ಆದುದರಿಂದ ಸಲಹೆಗಾರರು ಯಾವ ಹಂಚಿಕೆಯಲ್ಲಿ ರಿಟರ್ನ್ ಸಲ್ಲಿಸಿದರೋ ಅದರ ಪ್ರತಿಯನ್ನು ಪ್ರತಿ ತಿಂಗಳೂ ಕೇಳಿ ಪಡೆಯಿರಿ. ಟ್ಯಾಲಿಯಲ್ಲಿ ತಮ್ಮದೇ ಊಹೆಯ ಹಂಚಿಕೆ ಬರೆಯಬೇಡಿ.

ಮೊದಲ ವೋಚರು, ಬ್ಯಾಂಕಿನಿಂದ ಹಣ ಹೋದ ದಿನಾಂಕಕ್ಕೆ, ಎಫ್5 ಒತ್ತಿ ತೆರೆಯುವ ಪೇಮೆಂಟ್ ವೋಚರು: ಎಲೆಕ್ಟ್ರಾನಿಕ್ ನಗದು – ಸಿಜಿಎಸ್‌ಟಿ 18,000 ಡೆಬಿಟ್, ಎಲೆಕ್ಟ್ರಾನಿಕ್ ನಗದು – ಎಸ್‌ಜಿಎಸ್‌ಟಿ 18,000 ಡೆಬಿಟ್, ಬ್ಯಾಂಕು 36,000 ಕ್ರೆಡಿಟ್. ವಿವರಣೆಯ ಸಾಲಿನಲ್ಲಿ ಚಲನಿನ 14 ಅಂಕೆಗಳ ಸಿಪಿಐಎನ್ ಸಂಖ್ಯೆ ಮತ್ತು ಯಾವ ತಿಂಗಳ ತೆರಿಗೆ ಎಂಬುದನ್ನು ಬರೆಯಿರಿ.

ಎರಡನೆಯದು, ರಿಟರ್ನ್ ಸಲ್ಲಿಸಿದ ದಿನಾಂಕಕ್ಕೆ, ಎಫ್7 ಒತ್ತಿ ತೆರೆಯುವ ಜರ್ನಲ್:

ಔಟ್‌ಪುಟ್ ಐಜಿಎಸ್‌ಟಿ – ಡೆಬಿಟ್ 9,000
ಔಟ್‌ಪುಟ್ ಸಿಜಿಎಸ್‌ಟಿ – ಡೆಬಿಟ್ 72,000
ಔಟ್‌ಪುಟ್ ಎಸ್‌ಜಿಎಸ್‌ಟಿ – ಡೆಬಿಟ್ 72,000
ಇನ್‌ಪುಟ್ ಐಜಿಎಸ್‌ಟಿ – ಕ್ರೆಡಿಟ್ 90,000
ಇನ್‌ಪುಟ್ ಸಿಜಿಎಸ್‌ಟಿ – ಕ್ರೆಡಿಟ್ 13,500
ಇನ್‌ಪುಟ್ ಎಸ್‌ಜಿಎಸ್‌ಟಿ – ಕ್ರೆಡಿಟ್ 13,500
ಎಲೆಕ್ಟ್ರಾನಿಕ್ ನಗದು – ಸಿಜಿಎಸ್‌ಟಿ – ಕ್ರೆಡಿಟ್ 18,000
ಎಲೆಕ್ಟ್ರಾನಿಕ್ ನಗದು – ಎಸ್‌ಜಿಎಸ್‌ಟಿ – ಕ್ರೆಡಿಟ್ 18,000

ಎರಡೂ ಬದಿ 1,53,000. ಈ ಜರ್ನಲನ್ನು ತಿಂಗಳ ಕೊನೆಯ ದಿನಕ್ಕೆ ಹಾಕುವವರೂ ಇದ್ದಾರೆ. ಹಾಗೆ ಮಾಡಿದರೆ ಹಣ ಕಟ್ಟುವ ಮೊದಲೇ ಕಟ್ಟಿದಂತಾಗಿ ನಗದು ಲೆಡ್ಜರು ಕೆಲವು ದಿನ ಋಣ ಶೇಷ ತೋರಿಸುತ್ತದೆ. ರಿಟರ್ನಿನ ದಿನಾಂಕವನ್ನೇ ಬಳಸಿದರೆ ಪೋರ್ಟಲಿನ ಲೆಡ್ಜರನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಬಹುದೆಂಬುದು ನನ್ನ ಅಭಿಪ್ರಾಯ. ಪೈಸೆಗಳ ವ್ಯತ್ಯಾಸವನ್ನು ರೌಂಡ್ ಆಫ್ ಲೆಡ್ಜರಿಗೆ ಬಿಡಿ. ಅದಕ್ಕಾಗಿ ತಲೆ ಕೆಡಿಸಿಕೊಳ್ಳುವುದು ಬೇಡ.

ತಾವು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಕ್ಯೂಆರ್‌ಎಂಪಿ ಕ್ರಮದಲ್ಲಿದ್ದರೆ ಎರಡು ವೋಚರುಗಳ ಉಪಯೋಗ ಇನ್ನೂ ಹೆಚ್ಚು. ಐದು ಕೋಟಿಯವರೆಗಿನ ವಹಿವಾಟಿನವರಿಗೆ 2021ರ ಜನವರಿಯಿಂದ ಇರುವ ಈ ಕ್ರಮದಲ್ಲಿ, ತ್ರೈಮಾಸಿಕದ ಮೊದಲ ಎರಡು ತಿಂಗಳ ಹಣವನ್ನು ಮುಂದಿನ ತಿಂಗಳ 25ರೊಳಗೆ ಚಲನಿನ ಮೂಲಕ ಕಟ್ಟಬೇಕು. ಸಾಮಾನ್ಯವಾಗಿ ಅದು ಹಿಂದಿನ ತ್ರೈಮಾಸಿಕದಲ್ಲಿ ನಗದಾಗಿ ಕಟ್ಟಿದ ತೆರಿಗೆಯ ಶೇಕಡಾ 35 ಆಗಿರುತ್ತದೆ. ಇದು ಅಂದಾಜಿನ ಹಣ. ಯಾವ ಬಿಲ್ಲಿನ ಹೊಣೆಯನ್ನೂ ಆಗಲೇ ತೀರಿಸುವುದಿಲ್ಲ. ಆ ಎರಡು ತಿಂಗಳು ಪೇಮೆಂಟ್ ವೋಚರು ಮಾತ್ರ ಬರೆಯಿರಿ, ಹಣ ನಗದು ಲೆಡ್ಜರಿನಲ್ಲಿ ಕಾಯುತ್ತಿರಲಿ. ತ್ರೈಮಾಸಿಕದ 3ಬಿಗೆ ಕೇರಳದಲ್ಲಿ ಗಡುವು ಮುಂದಿನ ತಿಂಗಳ 22. ಅದನ್ನು ಸಲ್ಲಿಸಿದ ದಿನ ಮೂರು ತಿಂಗಳಿಗೂ ಸೇರಿಸಿ ಒಂದು ಜರ್ನಲ್ ಬರೆದರೆ ಸಾಕು.

ಗೇರುಬೀಜದ ಲೆಕ್ಕ ಬೇರೆ ಜಾತಿಯದು. ಸಿಪ್ಪೆ ಸುಲಿಯದ ಗೇರುಬೀಜವನ್ನು ಕೃಷಿಕರಿಂದ ನೋಂದಾಯಿತ ವರ್ತಕರು ಕೊಂಡರೆ ತೆರಿಗೆ ಕಟ್ಟುವ ಹೊಣೆ ಕೊಂಡವರದ್ದೇ. ಇದನ್ನೇ ರಿವರ್ಸ್ ಚಾರ್ಜ್ (ಆರ್‌ಸಿಎಂ) ಎನ್ನುತ್ತಾರೆ. ಕೃಷಿಕರು ಬಿಲ್ಲು ಕೊಡುವುದಿಲ್ಲವಾದ್ದರಿಂದ ತಾವೇ ಸ್ವಂತ ಬಿಲ್ಲು ಬರೆದುಕೊಳ್ಳಬೇಕು. ಊರಿನ ಕೃಷಿಕರಿಂದ 1,00,000 ರೂಪಾಯಿಯ ಬೀಜ ಕೊಂಡರೆ ಶೇಕಡಾ 5ರಂತೆ ಸಿಜಿಎಸ್‌ಟಿ 2,500, ಎಸ್‌ಜಿಎಸ್‌ಟಿ 2,500. ಮುಖ್ಯ ಸಂಗತಿಯೆಂದರೆ, ತಮ್ಮ ಕ್ರೆಡಿಟ್ ಲೆಡ್ಜರಿನಲ್ಲಿ ಲಕ್ಷ ರೂಪಾಯಿ ಬಿದ್ದಿದ್ದರೂ ಈ 5,000ವನ್ನು ನಗದು ಲೆಡ್ಜರಿನಿಂದಲೇ ಕಟ್ಟಬೇಕು. ಕಟ್ಟಿದ ಮೇಲೆ ಅಷ್ಟೇ ಮೊತ್ತವನ್ನು ಅದೇ ರಿಟರ್ನಿನಲ್ಲಿ ಕ್ರೆಡಿಟ್ ಆಗಿ ಪಡೆಯಬಹುದು. ಪುಸ್ತಕದಲ್ಲಿ 'ಆರ್‌ಸಿಎಂ ಹೊಣೆ' ಎಂಬ ಬೇರೆ ಲೆಡ್ಜರುಗಳನ್ನು ತೆರೆದು, ಜರ್ನಲಿನಲ್ಲಿ ಇನ್‌ಪುಟ್ಟಿಗೆ ಡೆಬಿಟ್, ಆರ್‌ಸಿಎಂ ಹೊಣೆಗೆ ಕ್ರೆಡಿಟ್ ಕೊಡಿ. ರಿಟರ್ನಿನ ದಿನ ಆರ್‌ಸಿಎಂ ಹೊಣೆಗೆ ಡೆಬಿಟ್, ಎಲೆಕ್ಟ್ರಾನಿಕ್ ನಗದಿಗೆ ಕ್ರೆಡಿಟ್. ಟ್ಯಾಲಿಪ್ರೈಮಿನ ಜರ್ನಲಿನಲ್ಲಿ ಆಲ್ಟ್ ಮತ್ತು ಜೆ ಒತ್ತಿದರೆ ಬರುವ ಸ್ಟ್ಯಾಟ್ ಅಡ್ಜಸ್ಟ್‌ಮೆಂಟ್‌ನಲ್ಲಿ ಈ ಬಗೆಯ ನಮೂದಿಗೆಂದೇ ಆಯ್ಕೆಗಳಿವೆ. ಅದನ್ನು ಬಳಸಿದರೆ ಟ್ಯಾಲಿಯ 3ಬಿ ವರದಿಯಲ್ಲಿಯೂ ಮೊತ್ತ ಸರಿಯಾದ ಸಾಲಿಗೆ ಹೋಗುತ್ತದೆ. ಆರ್‌ಸಿಎಂ ಹೊಣೆಯನ್ನು ಮಾಮೂಲಿ ಔಟ್‌ಪುಟ್ ಲೆಡ್ಜರಿನಲ್ಲೇ ಬೆರೆಸಿದವರು ಅದನ್ನೂ ಕ್ರೆಡಿಟ್ಟಿನಿಂದ ತೀರಿಸಿದಂತೆ ಬರೆದುಬಿಡುತ್ತಾರೆ. ವರ್ಷದ ಕೊನೆಗೆ ಐದೈದು ಸಾವಿರದ ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕುತ್ತಾರೆ.

ತಡವಾದಾಗಿನ ಲೇಟ್ ಫೀ ಮತ್ತು ಬಡ್ಡಿ ಮಾತ್ರ ನಿಜವಾಗಿಯೂ ಖರ್ಚು. ಅವನ್ನು ತೆರಿಗೆಯ ಲೆಡ್ಜರುಗಳಿಗೆ ಸೇರಿಸದೆ 'ಜಿಎಸ್‌ಟಿ ಲೇಟ್ ಫೀ', 'ಜಿಎಸ್‌ಟಿ ಬಡ್ಡಿ' ಎಂದು ಬೇರೆ ಬರೆಯಿರಿ. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ, ಅಂದರೆ ಸಿಜಿಎಸ್‌ಟಿ 25, ಎಸ್‌ಜಿಎಸ್‌ಟಿ 25. ಇದು ಸಾಮಾನ್ಯವಾಗಿ ಮುಂದಿನ ತಿಂಗಳ ರಿಟರ್ನಿನಲ್ಲಿ ಸೇರಿ ಬರುತ್ತದೆ. ಬಡ್ಡಿ ವರ್ಷಕ್ಕೆ ಶೇಕಡಾ 18. ಮೇಲಿನ 36,000ಕ್ಕೆ ಐದು ದಿನ ತಡವಾದರೆ ಸುಮಾರು 89 ರೂಪಾಯಿ. ಇಲ್ಲೊಂದು ಅನುಕೂಲವಿದೆ: ಗಡುವಿನೊಳಗೆ ಹಣ ನಗದು ಲೆಡ್ಜರಿಗೆ ಜಮೆಯಾಗಿ, ರಿಟರ್ನ್ ಸಲ್ಲಿಸುವವರೆಗೂ ಅಲ್ಲಿಯೇ ಉಳಿದಿದ್ದರೆ, ರಿಟರ್ನ್ ತಡವಾದರೂ ಆ ಮೊತ್ತಕ್ಕೆ ಬಡ್ಡಿಯಿಲ್ಲ, ಲೇಟ್ ಫೀ ಮಾತ್ರ ತಪ್ಪದು. ಆದುದರಿಂದ ಸಲಹೆಗಾರರು ಕೈಗೆ ಸಿಗದ ವಾರದಲ್ಲಿಯೂ ಚಲನಿನ ಹಣವನ್ನು ಕಟ್ಟಿಬಿಡುವುದು ಜಾಣತನ. ಚಲನಿನಲ್ಲಿ ಸಿಜಿಎಸ್‌ಟಿಯ ಕಾಲಂನಲ್ಲಿ ಹಾಕಬೇಕಾದ್ದನ್ನು ಎಸ್‌ಜಿಎಸ್‌ಟಿಗೋ, ತೆರಿಗೆಯ ಕಾಲಂನದ್ದನ್ನು ಬಡ್ಡಿಗೋ ಹಾಕಿದ್ದರೆ ಪಿಎಂಟಿ-09 ಎಂಬ ನಮೂನೆಯಲ್ಲಿ ಅದನ್ನು ಒಂದರಿಂದ ಇನ್ನೊಂದಕ್ಕೆ ವರ್ಗಾಯಿಸಬಹುದು. ಪುಸ್ತಕದಲ್ಲಿ ಅದಕ್ಕೊಂದು ಸಣ್ಣ ಜರ್ನಲ್.

ತಮ್ಮ ಮಂಗಳೂರಿನ ಬಿಲ್ಲುಗಳನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಮಾರಿದವರ ಜಿಎಸ್‌ಟಿ ಸಂಖ್ಯೆ 29ರಿಂದ, ತಮ್ಮದು 32ರಿಂದ ಆರಂಭವಾಗಿರಬೇಕು. ಕೆಳಗೆ ಐಜಿಎಸ್‌ಟಿ ಎಂಬ ಒಂದೇ ತೆರಿಗೆಯ ಸಾಲು ಇರಬೇಕು. ತಾವೇ ಪಿಕಪ್ ತೆಗೆದುಕೊಂಡು ಹೋಗಿ ತಲಪಾಡಿ ಗಡಿಯ ಮೂಲಕ ಸರಕು ತಂದರೂ ಹಾಗೆಯೇ, ಏಕೆಂದರೆ ಸರಕಿನ ಪ್ರಯಾಣ ಮುಗಿಯುವುದು ಕೇರಳದ ತಮ್ಮ ಅಂಗಡಿಯಲ್ಲಿ. ಕೌಂಟರಿನಲ್ಲಿ ಕೊಟ್ಟೆವೆಂದು ಅಲ್ಲಿಯವರು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿ ಬಿಲ್ಲು ಕೊಟ್ಟಿದ್ದರೆ ಅದು ಕರ್ನಾಟಕದ ತೆರಿಗೆ. ಕೇರಳದ ನೋಂದಣಿಯಲ್ಲಿ ಅದರ ಕ್ರೆಡಿಟ್ ಸಿಗುವುದಿಲ್ಲ. ಟ್ಯಾಲಿಯಲ್ಲಿ ಅದನ್ನು ಇನ್‌ಪುಟ್ಟೆಂದು ಬರೆದಿದ್ದರೆ ಆ ಶೇಷ ಎಂದಿಗೂ ತೀರದೆ ನಿಲ್ಲುತ್ತದೆ. ಬಿಲ್ಲನ್ನು ತಿದ್ದಿಸಿಕೊಳ್ಳುವುದೊಂದೇ ದಾರಿ. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ಪೆರ್ಲದ ಆಚೆಗಿನ ಕರ್ನಾಟಕದಿಂದ ಅಂಗಡಿಗೆ ಬರುವ ನೋಂದಣಿಯಿಲ್ಲದ ಗಿರಾಕಿಯ ವಿಳಾಸವನ್ನು ಬಿಲ್ಲಿನಲ್ಲಿ ಬರೆಯದಿದ್ದರೆ ಅದು ಕೇರಳದೊಳಗಿನ ಮಾರಾಟ. ಬಿಲ್ಲಿನಲ್ಲಿ ಕರ್ನಾಟಕವೆಂದು ರಾಜ್ಯದ ಹೆಸರಷ್ಟೇ ಬರೆದರೂ ಐಜಿಎಸ್‌ಟಿ ಹಾಕಬೇಕು. 2023ರ ಅಕ್ಟೋಬರ್ 1ರಿಂದ ನಿಯಮ ಹೀಗಿದೆ.

ಹಳೆಯದನ್ನು ತಿದ್ದುವ ಬಗೆ. ಈ ವರ್ಷದ ಪೇಮೆಂಟ್ ವೋಚರುಗಳನ್ನು ಒಂದೊಂದಾಗಿ ತೆರೆದು 'ಜಿಎಸ್‌ಟಿ ಪಾವತಿ'ಯ ಜಾಗದಲ್ಲಿ ಎಲೆಕ್ಟ್ರಾನಿಕ್ ನಗದು ಲೆಡ್ಜರುಗಳನ್ನು ಹಾಕಿ, ಲೇಟ್ ಫೀ ಮತ್ತು ಬಡ್ಡಿಯನ್ನು ಬೇರ್ಪಡಿಸಿ, ಆಮೇಲೆ ಸಲ್ಲಿಸಿದ ಪ್ರತಿ 3ಬಿಗೂ ಒಂದು ಜರ್ನಲ್ ಬರೆಯಿರಿ. ಕೊನೆಗೆ ಪೋರ್ಟಲಿನ ನಗದು ಲೆಡ್ಜರಿನ ಶೇಷವೂ ಪುಸ್ತಕದ ಶೇಷವೂ ರೂಪಾಯಿಗೆ ರೂಪಾಯಿ ಒಂದೇ ಆಗಿರಬೇಕು. ಇನ್‌ಪುಟ್ ಲೆಡ್ಜರು ಮಾತ್ರ ಅಷ್ಟು ನಿಖರವಾಗಿ ಕೂಡಲಾರದು: ಮಾರಿದವರು ತಮ್ಮ ರಿಟರ್ನ್ ಸಲ್ಲಿಸದೆ 2ಬಿಯಲ್ಲಿ (ತಮಗೆ ಸಿಗುವ ಕ್ರೆಡಿಟ್ಟನ್ನು ಪೋರ್ಟಲು ತೋರಿಸುವ ಪಟ್ಟಿಯಲ್ಲಿ) ಬಾರದ ಬಿಲ್ಲುಗಳು ತಾವು ಬರೆದ ಪುಸ್ತಕದಲ್ಲಿವೆ, ಪೋರ್ಟಲಿನಲ್ಲಿಲ್ಲ. ಅವುಗಳ ಪಟ್ಟಿಯೊಂದನ್ನು ಇಟ್ಟುಕೊಂಡು ಮಾರಿದವರ ಬೆನ್ನು ಹತ್ತಿ. ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ದಾಟಿದರೆ ಆ ಕ್ರೆಡಿಟ್ ಕೈತಪ್ಪುತ್ತದೆ. ಆಗ ಅದನ್ನು ಖರ್ಚೆಂದು ಬರೆದು ಲೆಡ್ಜರಿನಿಂದ ತೆಗೆಯಬೇಕು.

ಹಿಂದಿನ ವರ್ಷಗಳ ವೋಚರುಗಳನ್ನು ಮುಟ್ಟಬೇಡಿ. ಆದಾಯ ತೆರಿಗೆಗೆ ಸಲ್ಲಿಸಿದ, ಬ್ಯಾಂಕಿಗೆ ಕೊಟ್ಟ ಲೆಕ್ಕಗಳು ಅವು. ಉದಾಹರಣೆಯ ಅಂಗಡಿಯಲ್ಲಿ ತಿಂಗಳಿಗೆ 36,000ದಂತೆ ವರ್ಷಕ್ಕೆ 4,32,000 ರೂಪಾಯಿ ಲಾಭ ಕಡಿಮೆ ತೋರುತ್ತದೆ. ಆದುದರಿಂದ ಇದು ಜರ್ನಲಿನ ಪ್ರಶ್ನೆ ಮಾತ್ರವಲ್ಲ, ಆದಾಯ ತೆರಿಗೆಯ ಪ್ರಶ್ನೆಯೂ ಹೌದು. ಏಪ್ರಿಲ್ 1ರಂದು ಉಳಿದಿರುವ ಸುಳ್ಳು ಬಾಕಿಯ ನಿಖರ ಮೊತ್ತವನ್ನು ವರ್ಷವಾರು ತೆಗೆದು, ಅದನ್ನು ತೆಗೆದುಹಾಕುವ ಜರ್ನಲನ್ನು ಯಾವ ಲೆಡ್ಜರಿಗೆ ಕೊಡಬೇಕು, ಹಿಂದಿನ ವರ್ಷಗಳಿಗೆ ಆದಾಯ ತೆರಿಗೆಯ ಅಪ್‌ಡೇಟೆಡ್ ರಿಟರ್ನ್ ಸಲ್ಲಿಸಬೇಕೇ ಎಂಬುದನ್ನು ತಮ್ಮ ಸಲಹೆಗಾರರೊಂದಿಗೆ ಕುಳಿತು ತೀರ್ಮಾನಿಸಿ. ಬ್ಯಾಂಕಿನವರಿಗೆ ಸದ್ಯಕ್ಕೆ ಪೋರ್ಟಲಿನ ಹೊಣೆ ಲೆಡ್ಜರಿನ ಪ್ರತಿಯನ್ನೂ ಸಲ್ಲಿಸಿದ 3ಬಿಗಳನ್ನೂ ಸಲಹೆಗಾರರ ಒಂದು ಪತ್ರದ ಜೊತೆ ಕೊಡಿ.

ಫ್ಲಡ್ ಸೆಸ್ಸಿನ ಲೆಡ್ಜರು ಇದೇ ರೋಗದ ಹಳೆಯ ಗುರುತು. ಪ್ರವಾಹದ ನಂತರ ಕೇರಳ ಸರಕಾರ 2019ರ ಆಗಸ್ಟ್ 1ರಿಂದ 2021ರ ಜುಲೈ 31ರವರೆಗೆ, ನೋಂದಣಿಯಿಲ್ಲದ ಗಿರಾಕಿಗಳಿಗೆ ಮಾಡಿದ ಮಾರಾಟದ ಮೇಲೆ ಸಾಮಾನ್ಯವಾಗಿ ಶೇಕಡಾ 1ರ ಈ ಸೆಸ್ ವಿಧಿಸಿತ್ತು. ಇದಕ್ಕೆ ಇನ್‌ಪುಟ್ ಕ್ರೆಡಿಟ್ ಇರಲಿಲ್ಲ, ಕಟ್ಟುವುದೂ ಜಿಎಸ್‌ಟಿ ಪೋರ್ಟಲಿನಲ್ಲಲ್ಲ, ರಾಜ್ಯದ ತೆರಿಗೆ ಇಲಾಖೆಯ ಜಾಲತಾಣದಲ್ಲಿ. ಆ ಕಾಲದ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಪಾವತಿಗಳನ್ನು ಹುಡುಕಿ. ಕಟ್ಟಿದ್ದು ಸಿಕ್ಕಿದರೆ ಅದೂ ಖರ್ಚಿಗೆ ಹೋಗಿರುತ್ತದೆ. ಮೇಲೆ ಹೇಳಿದ ಹಳೆಯ ವರ್ಷಗಳ ಲೆಕ್ಕದೊಂದಿಗೆ ಅದನ್ನೂ ತೆಗೆಯಿರಿ. ಕೆಲವು ತಿಂಗಳ ಪಾವತಿ ಸಿಗದಿದ್ದರೆ ಆ ಬಾಕಿ ಸುಳ್ಳಲ್ಲ. ಗಿರಾಕಿಯಿಂದ ಪಡೆದು ಕಟ್ಟದೆ ಉಳಿದ ಹಣವದು. ಅದನ್ನು ಜರ್ನಲಿನಿಂದ ಅಳಿಸದೆ, ಬಡ್ಡಿ ಎಷ್ಟಾಗುತ್ತದೆಂದು ಕೇಳಿ ಕಟ್ಟಿಬಿಡಿ.